ಇನ್‌ಸ್ಪೆಕ್ಷನ್‌ಗೆ ಬಳಿದ ಸುಣ್ಣ

ಮೊರದಲ್ಲಿ ರಾಗಿ ಕೇರುತ್ತಿದ್ದೆ. ನಮ್ಮ ಲೈನಿನಲ್ಲಿ ರಾಗಿ ಕೇರಬೇಕಾದರೆ ಮೊದಲು ಗಾಳಿ ನೋಡಬೇಕು. ರಸ್ತೆ ಕಡೆಯಿಂದ ಬೀಸಿದರೆ ಹೊಟ್ಟು ಹಾರಿ ರಾಗಿ ಉಳಿಯುತ್ತದೆ. ಗುಡ್ಡದ ಕಡೆಯಿಂದ ಬೀಸಿದರೆ ರಾಗಿಯ ಮೇಲೆ ಬಿಳೀ ಧೂಳು ಕೂತು, ರಾತ್ರಿ ಮುದ್ದೆ ಹಲ್ಲಿಗೆ ಕರಕರ ಅನ್ನುತ್ತದೆ. ಗುಡ್ಡ ಅಂದರೆ ದೇವರು ಮಾಡಿದ ಗುಡ್ಡವಲ್ಲ. ಗಣಿಯಿಂದ ಕಲ್ಲು ತೆಗೆದು, ಅರೆದು, ಸೈನೈಡಿನಲ್ಲಿ ಚಿನ್ನ ಸೋಸಿಕೊಂಡು, ಮಿಕ್ಕ ಮಣ್ಣನ್ನು ತಲೆಮಾರುಗಟ್ಟಲೆ ಸುರಿದು ಆದ ಸೈನೈಡ್ ಗುಡ್ಡ. ಚಿನ್ನ ಯಾರ ಯಾರ ಕೊರಳಿಗೋ ಹೋಯಿತು. ಗುಡ್ಡ ಮಾತ್ರ ಗಣಿ ಕೆಲಸಗಾರರಿಗೆ ಕಟ್ಟಿದ ಕೋರಮಂಡಲ್ ಲೈನಿನ ನಮ್ಮ ಹತ್ತು ಮನೆಗಳ ಬೆನ್ನಿಗೆ ನಿಂತುಬಿಟ್ಟಿತು.

ಅಷ್ಟರಲ್ಲಿ ನಮ್ಮ ಯಜಮಾನರು ಕೋದಂಡಪ್ಪನವರು ಮೊಪೆಡ್ಡಿನ ಮೇಲೆ ಸುಣ್ಣದ ಮೂಟೆ ಹೇರಿಕೊಂಡು ಬಂದರು. ತಲೆಯ ಮೇಲೆ ಹಳೇ ಗಣಿ ಹೆಲ್ಮೆಟ್ಟು. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಮುಖ್ಯವಾದ ಕೆಲಸಕ್ಕೆ ಹೊರಟರೆ ಅದನ್ನು ಹಾಕಿಕೊಳ್ಳುತ್ತಾರೆ. ಮದುವೆ ಮನೆಗೆ ಹಾಕಿಕೊಂಡು ಹೋಗದಂತೆ ತಡೆಯುವುದು ನನ್ನ ಸಂಸಾರದ ಕೆಲಸಗಳಲ್ಲಿ ಒಂದು.

"ಬಿಡು ಮೊರ! ಗುರುವಾರ ಇನ್‌ಸ್ಪೆಕ್ಷನ್ನು!" ಅಂದರು.

ಮೊರ ಬಿಡುವ ಮೊದಲೇ ಪಕ್ಕದ ಮನೆ ಅಮ್ಮಾಜಮ್ಮ ಜಗಲಿಯ ಮೇಲೆ ಎದ್ದು ನಿಂತಿದ್ದಳು. ಲೈನಿಗೆಲ್ಲ ಹಿರಿಯಳು. ಹಿಂದಿನ ವಾರ ಬಚ್ಚಲಿಗೂ ಇಬ್ಬರು ಹಿಡಿದುಕೊಂಡು ಹೋಗಬೇಕಾಗಿತ್ತು. "ಏಮಿರಾ ಕೋದಂಡ, ಇನ್‌ಸ್ಪೆಕ್ಷನ್ನಾ? ನಿಜವಾಗ್ಲೂ ಬತ್ತಾವ್ರಾ? ಆಮೇಲೆ ನೋಡ್ಕೊಳ್ಳೋಣ ಅಂತ ಕೂತ್ಕಂಡೀಯ, ಈಗ್ಲೇ ಸುಣ್ಣ ಕಲೆಸು!" ಅಂದಳು.

ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹೋದ ದೀಪಾವಳಿ ಹೊತ್ತಿನ ಮಳೆಗೆ ಗುಡ್ಡದ ಮಣ್ಣು ಕರಗಿ ನಮ್ಮ ಹಿತ್ತಿಲಿಗೆ ಇಳಿದಿತ್ತು. ಮೊದಲೂ ಇಳಿಯುತ್ತಿತ್ತು, ಆಗ ಮಣ್ಣು ಹೊಸ್ತಿಲ ಹೊರಗೇ ನಿಂತು ಪಾದ ಮುಳುಗುವಷ್ಟು ನೀರು ಮಾತ್ರ ಒಳಗೆ ಬರುತ್ತಿತ್ತು. ಈಗಿನ ಮಳೆಗೆ ಹೊತ್ತೂ ಇಲ್ಲ, ಗೊತ್ತೂ ಇಲ್ಲ, ಒಂದು ತಿಂಗಳ ನೀರನ್ನು ಒಂದು ಸಂಜೆಯಲ್ಲಿ ಸುರಿದು ಹೋಗುತ್ತದೆ. ಸೊಂಟದ ಮಟ್ಟಕ್ಕೆ ರಾಡಿ ನಿಂತಿತು. ಗುಡ್ಡಕ್ಕೆ ಅಂಟಿದಂತೆ ಇರುವುದು ಕೊನೇ ಮನೆ, ಶ್ಯಾಮಲಳದ್ದು. ಅವಳ ಹಿಂದಿನ ಗೋಡೆ ಸೂರಿನಿಂದ ನೆಲದವರೆಗೆ ಬಿರುಕು ಬಿಟ್ಟಿತು. ಅವಳ ಗಂಡ ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಅಷ್ಟು ಹೊತ್ತೂ ಆ ಗೋಡೆ, ಶ್ಯಾಮಲ, ಮತ್ತು ಇನ್ನೂ ನಡೆಯಲು ಬಾರದ ಅವಳ ಮಗು, ಮೂವರೇ. ಇನ್ನೊಂದು ಅಂಥ ಮಳೆ ಬಂದರೆ ಅದರಲ್ಲಿ ಇಬ್ಬರೇ ಉಳಿಯುವುದು, ಅದೂ ಅದೃಷ್ಟವಿದ್ದರೆ.

ಆಗ ನಮ್ಮ ಯಜಮಾನರು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಟೀ ಕುಡಿಯುವಾಗ ಕೇಳಿದ ಒಂದು ಸುದ್ದಿ ತಂದರು. ಇಂಥಾ ವಿಪತ್ತು ಬರುವ ಮುಂಚೆಯೇ ತಡೆಯುವುದಕ್ಕೆ ಸರ್ಕಾರ ಅನುದಾನ ಕೊಡುತ್ತದಂತೆ. ಜನ ಸಮಿತಿ ಮಾಡಿಕೊಂಡು ಕೇಳಬೇಕಂತೆ. ಗುಡ್ಡದ ಬುಡಕ್ಕೆ ತಡೆಗೋಡೆ, ನೀರು ಹೋಗಲು ದೊಡ್ಡ ಮೋರಿ, ಎಲ್ಲಾ ಆಗುತ್ತದಂತೆ. ಸರಿ, ಸಮಿತಿಯ ಸಭೆ ಕರೆದರು. ಬಂದದ್ದು ಅಮ್ಮಾಜಮ್ಮ ಒಬ್ಬಳೇ, ಅವಳೂ ನಾನು ಎರವಲು ತಂದಿದ್ದ ಇಡ್ಲಿ ಪಾತ್ರೆ ಕೇಳಲು ಬಂದವಳು. ಹೀಗೆ ಸರ್ವಾನುಮತದಿಂದ ನಮ್ಮ ಯಜಮಾನರು ಅಧ್ಯಕ್ಷರಾದರು. ಮರುದಿನವೇ ನಮ್ಮ ಬಾಗಿಲಿಗೆ "ವಿಪತ್ತು ಸಮಿತಿ ಅಧ್ಯಕ್ಷರ ಮನೆ" ಎಂಬ ಬೋರ್ಡು ಬಂತು. ಅದನ್ನು ನೋಡಿ ಹಾಲು ಹಾಕುವವನು ಎರಡು ದಿನ ಒಳಗೇ ಬರಲಿಲ್ಲ.

ಅರ್ಜಿ ಹೋಯಿತು. ಈಗ ಸ್ಥಳ ನೋಡಲು ಇಂಜಿನಿಯರಮ್ಮ ಬರುತ್ತಾರೆ. ಅಷ್ಟೇ ವಿಷಯ. ಆದರೆ ಇನ್‌ಸ್ಪೆಕ್ಷನ್ ಎಂಬ ಮಾತಿಗೆ ನಮ್ಮ ಲೈನಿನಲ್ಲಿ ಒಂದೇ ಅರ್ಥ. ಕಂಪನಿ ಕಾಲದಲ್ಲಿ ವರ್ಷಕ್ಕೊಮ್ಮೆ ಲೈನು ನೋಡಲು ದೊಡ್ಡವರು ಬರುತ್ತಿದ್ದರು. ಗೋಡೆ ಬೆಳ್ಳಗಿರಬೇಕು, ಮೋರಿ ಕಾಣಬಾರದು, ಏನಾದರೂ ಕಷ್ಟವಿದೆಯಾ ಅಂದರೆ ಇಲ್ಲ ಅನ್ನಬೇಕು. ಚೆಂದವಾಗಿದ್ದ ಲೈನಿಗೆ ಬಹುಮಾನ. ಅದು ಜನರ ಮೈಯಲ್ಲಿ ಸೇರಿಹೋಗಿತ್ತು. ಗಣಿ ಮುಚ್ಚಿದರೂ ಆ ಅಭ್ಯಾಸ ಮುಚ್ಚಿರಲಿಲ್ಲ.

ಬುಧವಾರದ ಹೊತ್ತಿಗೆ ಇಡೀ ಲೈನು ಮದುವಣಗಿತ್ತಿಯಾಯಿತು. ರಾಡಿ ನಿಂತಿದ್ದ ಕಂದು ಗೆರೆ ಎಲ್ಲ ಗೋಡೆಯ ಮೇಲೂ ಸೊಂಟದೆತ್ತರಕ್ಕೆ ಇತ್ತಲ್ಲ, ಅದನ್ನು ಉಜ್ಜಿ ತೊಳೆದು ಎರಡು ಕೈ ಸುಣ್ಣ ಬಳಿದರು. ಕೆಳಗೆ ಕೆಮ್ಮಣ್ಣಿನ ಪಟ್ಟಿ. ಲೈನಿಗೆಲ್ಲ ಇದ್ದ ಒಂದೇ ಹಿತ್ತಿಲ ಮೋರಿಯ ಬಾಯಿ ಅಸಹ್ಯವಾಗಿ ಕಾಣುತ್ತದೆ ಅಂತ ಯಜಮಾನರು ಅದಕ್ಕೆ ಚಪ್ಪಡಿ ಹಾಸಿ, ಮಣ್ಣು ತುಂಬಿ, ಬಣ್ಣಬಣ್ಣದ ಕ್ರೋಟನ್ ಗಿಡ ನೆಟ್ಟರು.

ನಾನು ಹೇಳಿದೆ: "ಅಲ್ಲಾ, ಏನೂ ಆಗಿಲ್ದಂಗೆ ಮಾಡಿಬಿಟ್ರೆ ಅವರು ಯಾಕೆ ಕೊಡ್ತಾರೆ?"

"ನಿನಗೆ ಗೊತ್ತಾಗಲ್ಲ. ಗಲೀಜು ಮನೆಗೆ ಯಾರಾದ್ರೂ ಎಣ್ಣು ಕೊಡ್ತಾರಾ? ಅನುದಾನನೂ ಅಂಗೇ."

ಐವತ್ತು ವರ್ಷದ ಸಂಸಾರದಲ್ಲಿ ನನ್ನಲ್ಲಿ ಉತ್ತರವಿರುವ ಮಾತನ್ನು ಅವರು ಆಡಿದ್ದು ಕಡಿಮೆ.

ಶ್ಯಾಮಲ ಆ ದಿನ ಮಗುವಿಗೆ ಸೂಜಿ ಹಾಕಿಸಲು ಆಸ್ಪತ್ರೆಗೆ ಹೋಗಿದ್ದಳು. ವಾಪಸು ಬಂದವಳು ಹಿಂದಿನ ಗೋಡೆಯ ಮುಂದೆ ನಿಂತು, ಹಸು ಕಳೆದುಕೊಂಡವಳ ಹಾಗೆ ಆಕಡೆ ಈಕಡೆ ನೋಡಿದಳು.

"ನನ್ನ ಬಿರುಕು ಎಲ್ಲಿ ಮಾಮ?"

"ಇದೆಯಮ್ಮ, ಎಲ್ಲೂ ಓಗಿಲ್ಲ. ಸಿಮೆಂಟ್ ಮೆತ್ತಿ, ಮೇಲೆ ಲಕ್ಷ್ಮಿ ಕ್ಯಾಲೆಂಡರ್ ಆಕಿದೀನಿ," ಅಂದರು ಯಜಮಾನರು, ಉಪಕಾರ ಮಾಡಿದವರ ಧಾಟಿಯಲ್ಲಿ.

"ಅಯ್ಯಯ್ಯೋ, ಅದನ್ನ ತೋರಿಸೋಕೆ ತಾನೇ ಮೇಡಂನ ಕರೆಸಿರೋದು!"

"ಬಂದೋರಿಗೆ ಬಿರುಕು ತೋರಿಸ್ತೀಯೇನೇ?" ಅಮ್ಮಾಜಮ್ಮ ಜಗಲಿಯಿಂದಲೇ ಗದರಿದಳು. "ಮಾನ ಮರ್ಯಾದೆ ಬ್ಯಾಡ್ವಾ ಲೈನಿಗೆ?"

ಗುರುವಾರ ಇಂಜಿನಿಯರಮ್ಮ ಬಂದರು. ಭಾನುಪ್ರಿಯ ಅಂತ ಹೆಸರು, ಚಿಕ್ಕ ವಯಸ್ಸು, ಕೈಯಲ್ಲಿ ಅಳತೆ ಟೇಪು. ಜೀಪಿನಿಂದ ಇಳಿದವರು ತಪ್ಪು ವಿಳಾಸಕ್ಕೆ ಬಂದೆನೇನೋ ಅನ್ನುವ ಹಾಗೆ ನಿಂತರು. ಹತ್ತು ಬಾಗಿಲಿಗೂ ಮಾವಿನ ತೋರಣ, ಹತ್ತು ಅಂಗಳದಲ್ಲೂ ರಂಗೋಲಿ, ಎದುರಿಗೆ ಹೆಲ್ಮೆಟ್ ಹಾಕಿಕೊಂಡು ಕೈಮುಗಿದ ನಮ್ಮ ಯಜಮಾನರು.

"ನೀರು ಎಲ್ಲಿವರೆಗೆ ಬಂದಿತ್ತು ಸರ್?"

"ಇಲ್ಲೀವರ್ಗೂ ಮೇಡಂ!" ಅಂತ ಯಜಮಾನರು ಸೊಂಟ ಮುಟ್ಟಿ ತೋರಿಸಿದರು.

"ನಿಮ್ಮ ಸೊಂಟ ಅಲ್ಲ ಸರ್, ಗೋಡೆ ಮೇಲೆ ತೋರಿಸಿ. ಗುರುತು ಇರಬೇಕಲ್ಲ?"

ಗೋಡೆ ಹಾಲಿನಂತೆ ಹೊಳೆಯುತ್ತಿತ್ತು.

"ಫೋಟೊ ಏನಾದ್ರೂ?"

ಅದಕ್ಕೆ ಕಾಯುತ್ತಿದ್ದವರಂತೆ ಯಜಮಾನರು ಮೊಬೈಲ್ ತೆಗೆದರು. ದೀಪಾವಳಿ ಮಳೆಯ ಫೋಟೊ ಬೇಕಾದಷ್ಟಿದ್ದವು. ಮೊದಲನೆಯದರಲ್ಲಿ ಯಜಮಾನರ ಮುಖ. ಎರಡನೆಯದರಲ್ಲಿ ಮುಖ, ಸ್ವಲ್ಪ ಪಕ್ಕಕ್ಕೆ. ಮೂರನೆಯದರಲ್ಲಿ ಹೆಲ್ಮೆಟ್ಟೇ ಪೂರ್ತಿ ತುಂಬಿತ್ತು.

"ಇದ್ರಲ್ಲಿ ನೀರೆಲ್ಲಿದೆ ಸರ್?"

"ನನ್ನ ಇಂದೆ ಐತೆ ಮೇಡಂ."

ಇಂಜಿನಿಯರಮ್ಮ ನಿಟ್ಟುಸಿರು ಬಿಟ್ಟು ಮನೆಮನೆಗೂ ಹೋಗಿ ಕೇಳಿದರು. ಅಮ್ಮಾಜಮ್ಮ ನೆಟ್ಟಗೆ ನಿಂತು, ಕಣ್ಣು ಮೇಲೆ ಮಾಡಿ, "ಯಾವ ತೊಂದ್ರೆನೂ ಇಲ್ಲ, ನಿಮ್ಮ ದಯೆ" ಅಂತ ಒಪ್ಪಿಸಿದಳು. ಶ್ಯಾಮಲಳ ಪಕ್ಕದ ಮನೆ ಬೈರೇಶನಂತೂ ಒಂದು ಹೆಜ್ಜೆ ಮುಂದೆ ಹೋದ. "ನಮ್ಮನೆಗೆ ನೀರಾ? ಒಂದು ತೊಟ್ಟು ಬಂದಿಲ್ಲ ಮೇಡಂ. ಬೇಸಿಗೇಲಿ ಕುಡಿಯೋಕೂ ಬರಲ್ಲ." ಅವನ ಮಗಳು ವನಿತಾಳಿಗೆ ಬಂಗಾರಪೇಟೆಯಿಂದ ಸಂಬಂಧ ಬಂದಿತ್ತು. ಗಂಡಿನ ಕಡೆಯವರಿಗೆ ಮನೆ ಒಣಗಿದೆ, ಗಟ್ಟಿಯಾಗಿದೆ ಅಂತ ಹೇಳಿಬಿಟ್ಟಿದ್ದ.

ಶ್ಯಾಮಲ ಒಬ್ಬಳೇ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಕೂಗಿದಳು: "ಸುಳ್ಳು ಮೇಡಂ! ಎಲ್ಲರ ಮನೆಗೂ ಬಂತು. ನನ್ನ ಗೋಡೆ ಸೀಳಿದೆ. ಬನ್ನಿ, ಕ್ಯಾಲೆಂಡರ್ ತೆಗೀತೀನಿ!" ತೆಗೆದಳು. ಹಿಂದೆ ಸಿಮೆಂಟು ಮೆತ್ತಿ ನುಣುಪಾಗಿ ಸುಣ್ಣ ಬಳಿದಿತ್ತು. ನಮ್ಮ ಯಜಮಾನರು ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಮಾಡಿದ ಕೆಲಸ ಇನ್ನೊಂದಿಲ್ಲ.

"ಎರಡು ಮನೆಯವರು ಬಂತು ಅಂತಾರೆ, ಎಂಟು ಮನೆಯವರು ಬರಲಿಲ್ಲ ಅಂತಾರೆ. ನಾನು ಏನಂತ ಬರೀಲಿ?" ಅಂದರು ಇಂಜಿನಿಯರಮ್ಮ. ಆಮೇಲೆ ಯಜಮಾನರ ಕಡೆ ತಿರುಗಿ, "ನಾನು ನೋಡಿದ ಲೈನುಗಳಲ್ಲೆಲ್ಲ ಇದೇ ಚೊಕ್ಕಟ" ಅಂದರು.

ಯಜಮಾನರು ಅವರ ಕೈ ಕುಲುಕಿದರು. ಹೆಮ್ಮೆಯಿಂದ ನನ್ನ ಕಡೆ ನೋಡಿದರು. ಜೀಪು ಸ್ಟಾರ್ಟ್ ಆದಾಗಷ್ಟೇ ಆ ಮಾತಿನ ಅರ್ಥ ಅವರ ಹೆಲ್ಮೆಟ್ಟು ದಾಟಿ ಒಳಗಿಳಿದದ್ದು. ಓಡಿದರು.

"ಮೇಡಂ, ಅಂಗಾದ್ರೆ ತಡೆಗೋಡೆ?"

"ಈ ತಿಂಗಳ ಕೊನೆಗೆ ನನ್ನ ವರದಿ ಹೋಗುತ್ತೆ. ಅಷ್ಟರೊಳಗೆ ಹತ್ತು ಮನೆಯವರೂ ಸಹಿ ಹಾಕಿದ ಪತ್ರ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬರಲಿ. ನೀರು ಎಲ್ಲಿಗೆ ಬಂತು, ಗುರುತು ಯಾಕಿಲ್ಲ, ಎರಡೂ ಬರೆದಿರಬೇಕು. ಇಲ್ಲದಿದ್ರೆ ಮುಂದಿನ ವರ್ಷವೇ."

ಮುಂದಿನ ವರ್ಷ ಅನ್ನುವ ಮಾತು ಶ್ಯಾಮಲಳ ಗೋಡೆಗೆ ತಿಳಿಯುವಂಥದ್ದಲ್ಲ. ಸಂಜೆ ಹೊತ್ತು ಆಗಲೇ ಮೂಡಣ ದಿಕ್ಕಿನಲ್ಲಿ ಮೋಡ ಕಪ್ಪಾಗತೊಡಗಿತ್ತು.

ಪತ್ರ ಬರೆಯಲು ಯಜಮಾನರು ಕೂತರು. ಗಣಿಯ ಇತಿಹಾಸ ಬರೆದು ಮುಗಿಸುವಷ್ಟರಲ್ಲಿ ಒಂದು ವಾರ ಹೋಯಿತು. ನೀರು ಎಲ್ಲಿಗೆ ಬಂತು ಅನ್ನುವುದನ್ನೂ ಬರೆದರು. ಗುರುತು ಯಾಕಿಲ್ಲ ಅನ್ನುವ ಕಡೆ ಪೆನ್ನು ನಿಂತಿತು.

"ಕೇಳು. 'ಗುರುತುಗಳು ಕಾಲಕ್ರಮೇಣ ಮಾಸಿಹೋದವು.' ಎಂಗೈತೆ?"

"ಕಾಲಕ್ರಮೇಣ ಅಲ್ಲ, ಬುಧವಾರ," ಅಂದೆ.

ಹೊಡೆದು ಹಾಕಿದರು. "'ಯಾರೋ ಕಿಡಿಗೇಡಿಗಳು ಅಳಿಸಿದರು.'"

"ಕಿಡಿಗೇಡಿಗಳು ಯಾರು ಅಂತ ಕೇಳಿದ್ರೆ ವಿಳಾಸ ಕೊಡಬೇಕಾಗ್ತದೆ."

ಅದನ್ನೂ ಹೊಡೆದರು. ಆ ಜಾಗ ಖಾಲಿ ಬಿಟ್ಟು ಸಹಿಗೆ ಹೊರಟರು. ಅಮ್ಮಾಜಮ್ಮ ಕಾಗದ ಮುಟ್ಟಲೇ ಇಲ್ಲ. "ಚೊಕ್ಕಟ ಅಂತ ಅಷ್ಟು ದೊಡ್ಡೋರ ಬಾಯಲ್ಲಿ ಬಂದ ಮ್ಯಾಲೆ, ಇಲ್ಲ ನಾವು ರಾಡೀಲಿದ್ವಿ ಅಂತ ಬರ್ಕೊಡ್ಲಾ? ಓಗ್ಲಾ ಅತ್ಲಾಗೆ!" ಉಳಿದವರು ಅಮ್ಮಾಜಮ್ಮ ಹಾಕಿದರೆ ಹಾಕುತ್ತೇವೆ ಅಂದರು. ಬೈರೇಶ ಬಾಗಿಲನ್ನೇ ಪೂರ್ತಿ ತೆರೆಯಲಿಲ್ಲ. "ಅಣ್ಣ, ಭಾನುವಾರ ಗಂಡಿನ ಕಡೆಯೋರು ಬತ್ತಾವ್ರೆ. ಅದು ಮುಗೀಲಿ. ಮಾತುಕತೆ ಆಗಿ, ತಾಂಬೂಲ ಆಗಿ, ಮದುವೆ ಆಗಿ, ಒಂದು ಮೊಮ್ಮಗು ಆಗ್ಲಿ. ಆಮೇಲೆ ಆಕ್ತೀನಿ."

ದಿನವೂ ಸಂಜೆ ಶ್ಯಾಮಲ ಬಂದು "ಓಯ್ತಾ ಮಾಮ?" ಅಂತ ಕೇಳುತ್ತಿದ್ದಳು. "ಒಂದೇ ಒಂದು ಸಾಲು ಬಾಕಿ" ಅನ್ನುತ್ತಿದ್ದರು ಯಜಮಾನರು. ಅವಳು ಮೋಡ ನೋಡಿಕೊಂಡು ಹೋಗುತ್ತಿದ್ದಳು. ಕೊನೆಕೊನೆಗೆ ಕೇಳುವುದನ್ನೂ ಬಿಟ್ಟಳು. ಅದರಿಂದ ನನಗೆ ಹೆಚ್ಚು ಭಯವಾಯಿತು.

ಭಾನುವಾರ ಬಂತು. ತಿಂಗಳು ಮುಗಿಯಲು ಬೆರಳೆಣಿಕೆ ದಿನ. ಗಂಡಿನ ಕಡೆಯವರು ಬೈರೇಶನ ಮನೆಯ ಮಂಚದ ಮೇಲೆ ಸಾಲಾಗಿ ಕೂತರು. ಗಂಡಿನ ತಾಯಿ ಆದಿಲಕ್ಷ್ಮಮ್ಮನವರು ಸೀರೆಯ ನೆರಿಗೆ ಹಿಡಿದು ಗೋಡೆ, ಸೂರು, ನೆಲ ಎಲ್ಲ ಕಣ್ಣಲ್ಲೇ ತೂಗುತ್ತಿದ್ದರು. ನಾನೂ ಅಮ್ಮಾಜಮ್ಮನೂ ಹೆಣ್ಣಿನ ಕಡೆ ಹಿರಿಯರೆಂದು ಮೂಲೆಯಲ್ಲಿ ಕೂತಿದ್ದೆವು.

ಗಾಳಿ ಒಮ್ಮೆಗೇ ನಿಂತಿತು. ಆಮೇಲೆ ತಗಡಿನ ಮೇಲೆ ಕಲ್ಲು ಸುರಿದ ಹಾಗೆ ಮಳೆ. ಬೈರೇಶ ದನಿ ಏರಿಸಿದ. "ನಮ್ಮನೆ ಗಟ್ಟಿ ಅಮ್ಮ, ಒಂದು ತೊಟ್ಟು..." ಅನ್ನುವಷ್ಟರಲ್ಲಿ ಹಿತ್ತಿಲ ಬಾಗಿಲ ಸಂದಿಯಿಂದ ಬೂದಿ ಬಣ್ಣದ ನೀರು ನಾಲಿಗೆ ಚಾಚಿತು.

ಆದಿಲಕ್ಷ್ಮಮ್ಮ ಕಾಲು ಮೇಲೆತ್ತಿದರು. "ಏನಪ್ಪಾ ಇದು?"

"ಅದು... ಬಂದೋರ ಕಾಲಿಗೆ ನೀರು ಕೊಡೋದು ನಮ್ಮಲ್ಲಿ ಪದ್ಧತಿ," ಅಂದ ಬೈರೇಶ.

ನೀರು ಮಂಚದ ಕಾಲು ಹಿಡಿದು ಏರಿತು. ಬರುತ್ತಲೇ ಇತ್ತು. ಹೋಗಲು ದಾರಿಯೇ ಇಲ್ಲದಂತೆ ಬರುತ್ತಿತ್ತು. ಆಗ ಗೋಡೆಯಾಚೆ ಶ್ಯಾಮಲ ಕಿರುಚಿದ್ದು ಕೇಳಿಸಿತು.

ಓಡಿದೆವು. ಅವಳ ಹಿಂದಿನ ಗೋಡೆಯಲ್ಲಿ ಸಿಮೆಂಟು ಚಕ್ಕೆ ಚಕ್ಕೆ ಉದುರುತ್ತಿತ್ತು. ಕ್ಯಾಲೆಂಡರು ಹೊಟ್ಟೆ ಉಬ್ಬಿಸಿಕೊಂಡು ಮುಂದೆ ಬಂದಿತ್ತು. ಜೋಲಿಯಲ್ಲಿದ್ದ ಮಗುವನ್ನು ಶ್ಯಾಮಲ ಕಿತ್ತುಕೊಂಡು ಬಾಗಿಲಲ್ಲಿ ಮೊದಲು ಸಿಕ್ಕ ಕೈಗೆ ಹಾಕಿದಳು. ಆ ಕೈ ಆದಿಲಕ್ಷ್ಮಮ್ಮನವರದ್ದು. ನಮ್ಮ ಯಜಮಾನರು ಎಲ್ಲಿಂದಲೋ ನುಗ್ಗಿ ಬಂದು ಗೋಡೆಗೆ ಬೆನ್ನು ಕೊಟ್ಟು, "ಎದರಬ್ಯಾಡ್ರಿ, ನಾನಿದೀನಿ!" ಅಂತ ಕೂಗಿದರು. ಕ್ಯಾಲೆಂಡರ್ ಕಳಚಿ ಅವರ ಮುಖದ ಮೇಲೆ ಬಿತ್ತು.

"ಗೋಡೆ ಬಿಡ್ರೀ!" ನಾನು ಜೀವಮಾನದಲ್ಲಿ ಮೊದಲ ಸಲ ಅವರ ಮೇಲೆ ಕಿರುಚಿದೆ. "ನೀರಿಗೆ ದಾರಿ ಮುಚ್ಚಿರೋರು ನೀವೇ! ಮೋರಿ ಬಿಡಿಸ್ರಿ!"

ಮುಖದ ಮೇಲಿನ ಕ್ಯಾಲೆಂಡರ್ ಸರಿಸಿದರು. ಆಮೇಲೆ ಹಿತ್ತಿಲಿಗೆ ಓಡಿ, ತಾವೇ ನೆಟ್ಟ ಕ್ರೋಟನ್ ಗಿಡಗಳನ್ನು ಜುಟ್ಟು ಹಿಡಿದು ಕಿತ್ತೆಸೆದರು. ಬೈರೇಶ ಹಾರೆ ತಂದ. ರೇಷ್ಮೆ ಅಂಗಿಯ ಗಂಡೂ ಮೋರಿಗಿಳಿದ. ಚಪ್ಪಡಿ ಮೇಲೇಳಲಿಲ್ಲ. ಇನ್ನೊಮ್ಮೆ ಮೀಟಿದರು, ಹಾರೆ ಜಾರಿ ಯಜಮಾನರು ಕುತ್ತಿಗೆವರೆಗೆ ರಾಡಿಗೆ ಬಿದ್ದರು. ಶ್ಯಾಮಲಳ ಹಿಂದಿನ ಗೋಡೆಯ ಮೂಲೆ ಅಷ್ಟರಲ್ಲಿ ದಡಾರನೆ ಒಳಕ್ಕೆ ಕುಸಿಯಿತು. ಮೂರನೇ ಮೀಟಿಗೆ ಚಪ್ಪಡಿ ಮಗುಚಿತು. ನೀರು ಗುಡುಗಿಕೊಂಡು ಮೋರಿಗೆ ನುಗ್ಗಿತು.

ಮಳೆ ಸಣ್ಣದಾಯಿತು. ಶ್ಯಾಮಲಳ ಅಡುಗೆ ಮೂಲೆಯಲ್ಲಿ ಗೋಡೆಯ ಬದಲು ಗುಡ್ಡ ಕಾಣುತ್ತಿತ್ತು. ಉಳಿದ ಮೂರು ಗೋಡೆ ನಿಂತಿದ್ದವು, ನಾಚಿಕೊಂಡವರ ಹಾಗೆ.

ಆದಿಲಕ್ಷ್ಮಮ್ಮ ಮಗುವನ್ನು ಭುಜಕ್ಕೆ ಹಾಕಿಕೊಂಡು ತಟ್ಟುತ್ತಾ ಕೇಳಿದರು: "ಇದು ಎಷ್ಟನೇ ಸಲ?"

"ಮೊದಲನೇ ಸಲ ಅಮ್ಮ, ದೇವರಾಣೆ..." ಬೈರೇಶ ಶುರು ಮಾಡಿದ.

ಕಾಫಿ ತಟ್ಟೆಯನ್ನು ಅಷ್ಟು ಹೊತ್ತೂ ತಲೆಯ ಮೇಲೆ ಹಿಡಿದು ನಿಂತಿದ್ದ ವನಿತಾ ಬಾಯಿ ಬಿಟ್ಟಳು: "ವರ್ಷಾ ವರ್ಷಾ ಬತ್ತದೆ. ನಾನು ಪರೀಕ್ಷೆಗೆ ಓದಿದ್ದೇ ಮಂಚದ ಮೇಲೆ ಕೂತ್ಕಂಡು. ಕಾಫಿ ತಗೊಳ್ಳಿ, ಆರೋಗ್ತದೆ."

ಬೈರೇಶ ಕಣ್ಣು ಮುಚ್ಚಿದ. ಆದಿಲಕ್ಷ್ಮಮ್ಮ ಕಾಫಿ ತಗೊಂಡರು. ಒಂದು ಗುಟುಕು ಕುಡಿದು, ಮಗನ ಕಡೆ ನೋಡಿ, ಹೊಟ್ಟೆ ಕುಲುಕಿ ನಕ್ಕರು.

"ನಮ್ಮನೇನೂ ಕೆರೆ ಕೋಡಿ ಕೆಳಗೇ ಕಣಪ್ಪ ಇರೋದು. ಓದ ವರ್ಷ ಅಕ್ಕಿ ಮೂಟೆ ತೇಲ್ಕಂಡು ಓಯ್ತು. ನೀವು ಮನೆ ನೋಡೋಕೆ ಬತ್ತೀರಿ ಅಂತ ನಾವೂ ಸುಣ್ಣ ಬಳಿಸಿದ್ವಿ. ಎಂಗಿದ್ರೂ ಈ ಎಣ್ಣಿಗೆ ನೀರಲ್ಲಿ ನಿಂತು ರೂಢಿ ಐತೆ. ನನಗೆ ಅಂಥವಳೇ ಬೇಕು."

ಯಜಮಾನರು ಮನೆಗೆ ಹೋಗಿ ಪತ್ರ ತಂದರು. ಬೈರೇಶನ ಮಂಚದ ಮೇಲೆ ಹರಡಿ, ಖಾಲಿ ಬಿಟ್ಟಿದ್ದ ಜಾಗದಲ್ಲಿ ಬರೆದರು. ಬರೆಯುವಾಗ ಕಾಗದಕ್ಕೆಲ್ಲ ರಾಡಿ ಅಂಟಿತು. "ಗುರುತುಗಳನ್ನು ಅಳಿಸಿದವನು ನಾನು, ಕೋದಂಡಪ್ಪ. ಮೋರಿ ಮುಚ್ಚಿದವನೂ ನಾನೇ. ಇವರ ತಪ್ಪಿಲ್ಲ." ಗಟ್ಟಿಯಾಗಿ ಓದಿದರು. ಗಣಿಯ ಇತಿಹಾಸದ ಹಾಳೆಗಳನ್ನು ಹರಿದು ಜೇಬಿಗಿಟ್ಟುಕೊಂಡರು.

ಬೈರೇಶ ಮೊದಲು ಸಹಿ ಹಾಕಿದ. ಒಬ್ಬೊಬ್ಬರೇ ಬಂದರು. ಕೊನೆಗೆ ಅಮ್ಮಾಜಮ್ಮ. ಸಹಿ ಹಾಕಿ ಪೆನ್ನನ್ನು ಯಜಮಾನರ ಕೈಗೇ ವಾಪಸು ಕೊಟ್ಟಳು. "ನಾನು ಸುಣ್ಣ ಕಲೆಸು ಅಂದೆ ಅಂತಾನೂ ಬರಿಯೋ ಕೋದಂಡ," ಅಂದಳು. "ಒಬ್ಬನೇ ಯಾಕೆ ಒತ್ಕತೀಯ?"

ಮಾರನೇ ದಿನ ಬೆಳಿಗ್ಗೆ ಅಂಚೆ ಕಚೇರಿಗೆ ಹೋದೆವು. ಯಜಮಾನರು, ನಾನು, ಮಗುವನ್ನು ಎತ್ತಿಕೊಂಡ ಶ್ಯಾಮಲ. ಕೌಂಟರಿನ ಹುಡುಗಿ ಲಕೋಟೆ ತೂಗಿ ಕೇಳಿದಳು: "ಕಳಿಸೋರ ವಿಳಾಸ ಬರೆದಿಲ್ವಲ್ಲ, ತಾತ?"

ಯಜಮಾನರು ಪೆನ್ನು ತೆಗೆದು ಅಭ್ಯಾಸದಂತೆ 'ಅಧ್ಯಕ್ಷರು' ಅಂತ ಶುರು ಮಾಡಿದವರು ನಿಂತರು. ಅದನ್ನು ಹೊಡೆದು ಶ್ಯಾಮಲಳ ಹೆಸರು ಬರೆದರು. ಕೊನೇ ಮನೆ, ಗುಡ್ಡದ ಪಕ್ಕ.

ಹುಡುಗಿ ಓದಿ ತಲೆಯೆತ್ತಿದಳು. "ಆ ಮನೇನಾ? ನಿನ್ನೆ ಮಳೆಗೆ ಗೋಡೆ ಬಿತ್ತಂತಲ್ಲ. ಉತ್ತರ ಬರೋ ಹೊತ್ತಿಗೆ ಮನೆ ಇರ್ತದಾ?"

ಹೊರಗೆ ಮತ್ತೆ ಮೋಡ ಕವಿಯುತ್ತಿತ್ತು.

"ಇರಲಿ ಅಂತಾನೇ ಅಕ್ಕ, ಕಳಿಸ್ತಿರೋದು," ಅಂದಳು ಶ್ಯಾಮಲ. "ಬೇಗ ಮುದ್ರೆ ಒತ್ತಿ."

ಹುಡುಗಿ ಮುದ್ರೆ ಒತ್ತಿದಳು. ಲಕೋಟೆ ಚೀಲದೊಳಗೆ ಬಿತ್ತು.